ಯಾರೂ ಬುದ್ಧಿ ಹೇಳದ ಮೀಟಿಂಗ್

ಕುಡಿತ ಬಿಡಬೇಕು, ಎಲ್ಲಿಗೆ ಹೋಗಲಿ ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ದೇವರ ಮುಂದೆ ಆಣೆ ಮಾಡು ಅನ್ನುತ್ತಾರೆ. ಇನ್ನೊಬ್ಬರು ಅಯ್ಯಪ್ಪನ ಮಾಲೆ ಹಾಕಿಕೋ ಅನ್ನುತ್ತಾರೆ. ಮತ್ಯಾರೋ ಬಂದು, ಇಂಥ ಕಡೆ ಒಂದು ಪುಡಿ ಕೊಡ್ತಾರೆ, ಗೊತ್ತಾಗದ ಹಾಗೆ ಸಾರಿಗೆ ಬೆರೆಸಿದರೆ ಸಾಕು ಅಂತ ಹೆಂಡತಿಯ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಕುಡಿತ ಬಿಟ್ಟವರೇ ಸೇರುವ ಮೀಟಿಂಗ್ ಒಂದಿದೆ, ಅಲ್ಲಿಗೆ ಹೋಗು ಅಂತ ಹೇಳುವವರು ಮಾತ್ರ ಸಿಗುವುದಿಲ್ಲ. ನನಗೂ ಬಹಳ ವರ್ಷ ಸಿಗಲಿಲ್ಲ.

ನಾನು ಅರಸೀಕೆರೆ ಕಡೆಯವನು. ಹೆಸರು ಹೇಳುವುದಿಲ್ಲ, ಅದು ನಮ್ಮ ಮೀಟಿಂಗಿನ ರೂಢಿ. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಮುತ್ತಲ ತೆಂಗಿನ ತೋಟದವರ ಮೋಟರ್ ಸುಟ್ಟರೆ ನಮ್ಮಂಥವರ ಹತ್ತಿರವೇ ಬರಬೇಕು. ಈ ಕಸುಬಿನಲ್ಲಿ ಕುಡಿತವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬರುತ್ತದೆ. ಬೋರಿನಿಂದ ಮೋಟರ್ ಎತ್ತಿದರೂ ಪಾರ್ಟಿ, ಇಳಿಸಿದರೂ ಪಾರ್ಟಿ. ನೀರು ಬಂದರೆ ಖುಷಿಗೆ, ಬರದಿದ್ದರೆ ಬೇಜಾರಿಗೆ.

ಕೊನೆಕೊನೆಗೆ ಬೆಳಗ್ಗೆ ಎದ್ದರೆ ಕೈ ನಡುಗಲು ಶುರುವಾಯಿತು. ರಿವೈಂಡಿಂಗ್ ಅಂದರೆ ಪೂರ್ತಿ ಕೈಕೆಲಸ. ಸಣ್ಣ ತಾಮ್ರದ ತಂತಿಯ ಸುರುಳಿಯನ್ನು ಸ್ಟೇಟರಿನ, ಅಂದರೆ ಮೋಟರಿನ ತಿರುಗದ ಭಾಗದ, ಸ್ಲಾಟಿನೊಳಗೆ ಎಳೆ ಎಳೆಯಾಗಿ ಕೂರಿಸಬೇಕು. ತಂತಿಯ ಮೇಲೆ ಇನಾಮಲ್ ಲೇಪ ಇರುತ್ತದೆ. ಅದು ಒಂದು ಕಡೆ ಗೀರಿದರೂ ಸಾಕು, ಶಾರ್ಟ್ ಆಗಿ ಮೋಟರ್ ಮತ್ತೆ ಸುಡುತ್ತದೆ. ನಡುಗುವ ಕೈಗೆ ಬಗ್ಗುವ ಕೆಲಸ ಅದಲ್ಲ. ಒಂದು ನೈಂಟಿ ಹಾಕಿದರೆ ಕೈ ನಿಲ್ಲುತ್ತಿತ್ತು. ಇನ್ಸುಲೇಷನ್ ಪೇಪರಿನ ಕಟ್ಟುಗಳ ಹಿಂದೆ ಸದಾ ಒಂದು ಟೆಟ್ರಾ ಪ್ಯಾಕೆಟ್ ಇರುತ್ತಿತ್ತು. ಮಜಾಕ್ಕೆ ಕುಡಿಯುತ್ತಿದ್ದವನು ಕೆಲಸ ಮಾಡುವುದಕ್ಕೋಸ್ಕರ ಕುಡಿಯಬೇಕಾಗಿ ಬಂದರೆ ವಿಷಯ ಎಲ್ಲಿಗೆ ಮುಟ್ಟಿದೆ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ಮಾಲೆಯನ್ನೂ ಹಾಕಿದ್ದೆ. ಮಂಡಲ ಪೂರ್ತಿ ಒಂದು ತೊಟ್ಟು ಮುಟ್ಟಲಿಲ್ಲ. ಬೆಟ್ಟ ಹತ್ತಿ ಇಳಿದು, ಊರಿಗೆ ಬಂದು, ಗುರುಸ್ವಾಮಿಗಳ ಕೈಯಲ್ಲಿ ಮಾಲೆ ಬಿಚ್ಚಿಸಿಕೊಂಡ ಸಂಜೆಯೇ ಗೆಳೆಯರು ಕಾಯುತ್ತಿದ್ದರು. ನಮ್ಮ ಕಡೆ ಇದು ದೊಡ್ಡ ಸುದ್ದಿಯೇನಲ್ಲ. ಮಾಲೆ ಬಿಚ್ಚುವ ವಾರ ವೈನ್ ಶಾಪಿನವನಿಗೆ ಹಬ್ಬ ಅಂತ ತಮಾಷೆಯೇ ಇದೆ. ಪಕ್ಕದ ಹಳ್ಳಿಯಲ್ಲಿ ಒಬ್ಬರು ಮಾಲೆ ಹಾಕಿದ ಎರಡನೇ ದಿನವೇ ಫಿಟ್ಸ್ ಬಂದು ಬಿದ್ದಿದ್ದರು. ವ್ರತದಲ್ಲಿ ಏನೋ ತಪ್ಪಾಗಿದೆ, ಸ್ವಾಮಿಗೆ ಕೋಪ ಬಂದಿದೆ ಅಂತ ಜನ ಮಾತಾಡಿಕೊಂಡರು.

ಅದು ಸ್ವಾಮಿಯ ಕೋಪ ಅಲ್ಲ ಅಂತ ಗೊತ್ತಾಗಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಮಂಗಳವಾರ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ಸರ್ಕಾರದ ಕಾರ್ಯಕ್ರಮ ಒಂದಿದೆ. ಮನೋಚೈತನ್ಯ ಅಂತ ಅದರ ಹೆಸರು. ನನ್ನ ಹೆಂಡತಿಗೆ ಅದನ್ನು ಹೇಳಿದ್ದು ಆಶಾ ಕಾರ್ಯಕರ್ತೆ. ಹುಚ್ಚರ ಡಾಕ್ಟರ್ ಹತ್ತಿರ ನಾನ್ಯಾಕೆ ಹೋಗಲಿ ಅಂತ ಸ್ವಲ್ಪ ದಿನ ಹಾರಾಡಿದೆ. ಕೊನೆಗೆ ಹೋದೆ.

ಡಾಕ್ಟರು ಜಾಸ್ತಿ ಮಾತಾಡಲಿಲ್ಲ. ಎರಡೂ ಕೈ ಮುಂದೆ ಚಾಚಿಸಿ, ಬೆರಳು ಅಗಲಿಸಲು ಹೇಳಿ, ಸುಮ್ನೆ ನೋಡಿದರು. ದಿನಾ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ನಿದ್ದೆಗೇಡು ಶುರುವಾಗುತ್ತದೆ, ಕೆಲವರಿಗೆ ಮೊದಲ ಒಂದೆರಡು ದಿನದಲ್ಲೇ ಫಿಟ್ಸ್ ಬರುತ್ತದೆ, ಎರಡು ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಮಾತು ತೊದಲಿ, ಜೀವಕ್ಕೇ ಅಪಾಯ ಆಗಬಹುದು ಅಂದರು. ಅದಕ್ಕೇ ಮಾತ್ರೆ ಕೊಟ್ಟು, ದಿನ ದಿನ ಇಳಿಸುತ್ತಾ ಬರಬೇಕಂತೆ. ಜೊತೆಗೆ ಥಯಮಿನ್ ಇಂಜೆಕ್ಷನ್. ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತದೆ, ಅದನ್ನು ತುಂಬದಿದ್ದರೆ ಮೆದುಳಿಗೆ ಏಟು ಬೀಳುತ್ತದೆ. ಸಾರಿಗೆ ಬೆರೆಸುವ ಪುಡಿಯ ವಿಷಯ ನನ್ನ ಹೆಂಡತಿ ಕೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂತು. ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗುವಂಥ ಡೈಸಲ್ಫಿರಾಮ್ ಅನ್ನೋ ಮಾತ್ರೆ ಇದೆ, ನಾವೂ ಕೊಡುತ್ತೇವೆ, ಆದರೆ ರೋಗಿಗೆ ಹೇಳಿ, ಒಪ್ಪಿಸಿ, ಲಿವರ್ ಟೆಸ್ಟ್ ಮಾಡಿಸಿ ಕೊಡುತ್ತೇವೆ, ಗೊತ್ತಿಲ್ಲದವನು ಅದರ ಮೇಲೆ ಕುಡಿದರೆ ಹೆಣ ಬೀಳುತ್ತದಮ್ಮ ಅಂದರು.

ಕೆಲವು ದಿನ ಆಸ್ಪತ್ರೆಯಲ್ಲಿದ್ದೆ. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನಿದ್ದೆ, ಗ್ಲೂಕೋಸ್, ಇಡ್ಲಿ. ಮನೆಗೆ ಹೊರಡುವಾಗ ಅಲ್ಲಿನ ಕೌನ್ಸೆಲರ್ ಒಂದು ಪ್ರಶ್ನೆ ಕೇಳಿದರು. ‘ಮೈಯಿಂದ ಎಣ್ಣೆ ಇಳಿಸೋದು ಒಂದು ವಾರದ ಕೆಲಸ ಅಣ್ಣ. ಆಮೇಲೆ ದಿನಾ ಸಂಜೆ ಆರು ಗಂಟೆಗೆ ಏನ್ಮಾಡ್ತೀರಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಎ ಅಂತ ಒಂದಿದೆ, ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರೇ ಸೇರುವ ಮೀಟಿಂಗ್, ಹತ್ತಿರದಲ್ಲಿ ಎಲ್ಲಿ ನಡೆಯುತ್ತದೋ ವಿಚಾರಿಸಿ ಅಂದರು. ಅಲ್ಲಿಂದ ಹುಡುಕಾಟ ಶುರು.

ಮೊದಲು 14446ಕ್ಕೆ ಫೋನ್ ಮಾಡಿದೆ. ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಅವರು ಸರ್ಕಾರದ ನೆರವಿನಲ್ಲಿ ನಡೆಯುವ ಚಿಕಿತ್ಸಾ ಕೇಂದ್ರ ಎಲ್ಲಿದೆ ಅಂತ ಹೇಳಿದರು. ನನಗೆ ಬೇಕಾಗಿದ್ದು ಸೇರಿಕೊಳ್ಳುವ ಕೇಂದ್ರ ಅಲ್ಲ, ವಾರಕ್ಕೊಮ್ಮೆ ಕೂತು ಎದ್ದು ಬರುವ ಜಾಗ. ಹಾಗೇ ವಿಚಾರಿಸುತ್ತಾ ಹೋದಾಗ ಒಂದು ಖಾಸಗಿ ಸೆಂಟರಿನ ನಂಬರ್ ಸಿಕ್ಕಿತು. ಫೋನ್ ತೆಗೆದವನು ನನ್ನ ಕಷ್ಟ ಕೇಳಲೇ ಇಲ್ಲ. ‘ಮೂರು ತಿಂಗಳ ದುಡ್ಡು ಮೊದಲೇ ಕಟ್ಟಬೇಕು. ಪೇಷೆಂಟ್ ಬರಲ್ಲ ಅಂದ್ರೆ ನಮ್ಮ ಹುಡುಗರು ಗಾಡಿ ತಗೊಂಡು ಬಂದು ಎತ್ತಾಕೊಂಡು ಹೋಗ್ತಾರೆ’ ಅಂದ. ನಾನೇ ಪೇಷೆಂಟು ಅಂತ ಹೇಳದೆ ಇಟ್ಟುಬಿಟ್ಟೆ. ಇಂಥ ಕೇಂದ್ರಗಳು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕೆಳಗೆ ನೋಂದಣಿ ಆಗಿರಲೇಬೇಕು. ಮನೆಯವರನ್ನು ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಕೇಳಿದ ತಕ್ಷಣ ದನಿ ಬದಲಾದರೆ ಅಲ್ಲಿಂದ ಹೊರಟುಬಿಡಿ.

ನನ್ನ ಭಾವಮೈದನದು ಬೇರೆ ಯೋಚನೆ. ಹೋಬಳಿಯಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಹಾಕಿದ್ದರು. ಕಲ್ಯಾಣ ಮಂಟಪದಲ್ಲಿ ಎಂಟು ದಿನ ಇಟ್ಟುಕೊಳ್ಳುತ್ತಾರೆ. ವ್ಯಾಯಾಮ, ಭಜನೆ, ಡಾಕ್ಟರ ತಪಾಸಣೆ, ಗುಂಪಿನಲ್ಲಿ ಮಾತು. ಮನೆಯವರನ್ನೂ ಕರೆಸುತ್ತಾರೆ. ಶಿಬಿರ ಮುಗಿಸಿದವರು ಊರಿಗೆ ಹೋದ ಮೇಲೆ ನವಜೀವನ ಸಮಿತಿ ಅಂತ ಮಾಡಿಕೊಂಡು ಆಗಾಗ ಸೇರುತ್ತಾರೆ. ಭಾವಮೈದ ನನ್ನನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿದ. ಒಂದೇ ಹಳ್ಳಿಯ ಏಳೆಂಟು ಜನ ಒಟ್ಟಿಗೆ ಬಂದು ಸೇರಿದ್ದರು. ಇದು ಒಳ್ಳೆಯ ಉಪಾಯ ಅನ್ನಿಸಿತು. ಒಟ್ಟಿಗೆ ಕುಡಿಯುತ್ತಿದ್ದವರು ಒಟ್ಟಿಗೇ ಬಿಟ್ಟರೆ ಸಂಜೆ ಕರೆಯುವವರೇ ಇರುವುದಿಲ್ಲವಲ್ಲ. ಆದರೆ ಅಲ್ಲಿ ಎಲ್ಲವೂ ಬಹಿರಂಗ. ವೇದಿಕೆ ಇದೆ, ಮೈಕ್ ಇದೆ, ಊರಿನ ಗಣ್ಯರಿದ್ದಾರೆ. ನನಗೆ ಧೈರ್ಯ ಸಾಲಲಿಲ್ಲ.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ನಾನು ಕುಡಿಯುವುದು ಇಡೀ ಊರಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದದ್ದನ್ನು ನೋಡಿದವರಿದ್ದಾರೆ, ಆಟೋದಲ್ಲಿ ಹಾಕಿ ಮನೆ ಮುಟ್ಟಿಸಿದವರಿದ್ದಾರೆ. ಆಗೆಲ್ಲ ಆಗದ ನಾಚಿಕೆ, ಕುಡಿತ ಬಿಡುವುದಕ್ಕೆ ಎಲ್ಲೋ ಹೋಗುತ್ತಿದ್ದೇನೆ ಅಂತ ಜನಕ್ಕೆ ತಿಳಿದರೆ ಏನಪ್ಪಾ ಅನ್ನುವಾಗ ಆಯಿತು. ಇದು ನನ್ನೊಬ್ಬನ ಕಥೆ ಅಲ್ಲ. ಆಮೇಲೆ ಮೀಟಿಂಗಿನಲ್ಲಿ ಎಷ್ಟೋ ಜನರ ಬಾಯಲ್ಲಿ ಇದೇ ಮಾತು ಕೇಳಿದೆ.

ಹಾಗಾಗಿ ಯಾರಿಗೂ ನನ್ನ ಗುರುತಿಲ್ಲದ ಬೆಂಗಳೂರೇ ವಾಸಿ ಅನ್ನಿಸಿತು. ತಾಮ್ರದ ತಂತಿ ತರಲು ಬಿವಿಕೆ ಅಯ್ಯಂಗಾರ್ ರಸ್ತೆಗೆ ನಾನು ಹೇಗೂ ಹೋಗುತ್ತಿರುತ್ತೇನೆ. ಬೆಂಗಳೂರಿನ ಎಎ ನಂಬರಿಗೆ ಫೋನ್ ಮಾಡಿದೆ. ಎತ್ತಿದವರ ದನಿ ವಯಸ್ಸಾದವರದ್ದು.

‘ಈಗ ಕುಡಿದಿದೀರಾ?’ ಅಂತ ಕೇಳಿದರು.

‘ಇಲ್ಲ ಸರ್.’

‘ಒಳ್ಳೇದು. ನಾನೂ ಇವತ್ತು ಕುಡಿದಿಲ್ಲ. ಹೇಳಿ, ಯಾವ ಕಡೆಯಿಂದ ಬರ್ತೀರಿ?’

ಎಷ್ಟು ವರ್ಷದಿಂದ ಕುಡೀತಿದೀರಾ, ಎಷ್ಟು ಕುಡೀತೀರಾ, ಯಾವ ಜಾತಿ, ಏನು ಕೆಲಸ, ಒಂದನ್ನೂ ಕೇಳಲಿಲ್ಲ. ಕನ್ನಡದ ಮೀಟಿಂಗ್ ಯಾವ ಯಾವ ದಿನ ಎಲ್ಲೆಲ್ಲಿದೆ ಅಂತ ಹೇಳಿದರು. ಇಂಗ್ಲಿಷ್, ತಮಿಳಿನವೂ ಇವೆ, ನಿಮಗೆ ಯಾವ ಮಾತಿನಲ್ಲಿ ಬೈಗುಳ ಬರುತ್ತೋ ಆ ಮೀಟಿಂಗಿಗೆ ಹೋಗಿ ಅಂದು ನಕ್ಕರು.

ಅದೊಂದು ಚರ್ಚಿನ ಶಾಲೆಯ ತರಗತಿ. ಸಂಜೆ ಹೊತ್ತು. ಮಕ್ಕಳ ಬೆಂಚು, ಕೂತರೆ ಮಂಡಿ ಎದೆಗೆ ತಾಗುತ್ತದೆ. ಕರಿಹಲಗೆ ಮೇಲೆ ಹಗಲಿನ ಭಾಗಾಕಾರ ಇನ್ನೂ ಅಳಿಸಿರಲಿಲ್ಲ. ಹತ್ತು ಹದಿನೈದು ಜನ ಇದ್ದರು. ಇಸ್ತ್ರಿ ಮಾಡಿದ ಅಂಗಿಯವರು, ಆಟೋ ಡ್ರೈವರ್ ಖಾಕಿಯಲ್ಲಿ ಒಬ್ಬರು, ಕಾಲೇಜು ಹುಡುಗನ ಹಾಗಿದ್ದ ಒಬ್ಬ. ಕುಡುಕರು ಅಂತ ಯಾರನ್ನು ನೋಡಿದರೂ ಅನ್ನಿಸಲಿಲ್ಲ. ಬೇರೆ ಕಡೆ ಬಂದುಬಿಟ್ಟೆನೇನೋ ಅಂದುಕೊಂಡೆ.

ಟೀ ಬಂತು, ಸ್ಟೀಲ್ ಲೋಟದಲ್ಲಿ. ನನಗೆ ಬೇಡ ಅಂದೆ. ಬೇಕಿತ್ತು. ಆದರೆ ಕೈ ಇನ್ನೂ ಪೂರ್ತಿ ನಿಂತಿರಲಿಲ್ಲ, ಎಲ್ಲರೆದುರು ಚೆಲ್ಲಿಕೊಳ್ಳುವುದು ಯಾಕೆ ಅಂತ. ಪಕ್ಕದಲ್ಲಿದ್ದವರು ಎದ್ದು ಹೋಗಿ ಒಂದು ಲೋಟ ತಂದು ನನ್ನ ಮುಂದಿಟ್ಟರು. ‘ಅರ್ಧನೇ ಹಾಕಿದೀನಿ’ ಅಂದರು. ಅಷ್ಟೇ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಆ ಅರ್ಧ ಲೋಟದ ಟೀ ತಂದುಕೊಟ್ಟವರು ತಾವೂ ಒಂದು ಕಾಲಕ್ಕೆ ಪೂರ್ತಿ ಲೋಟ ಎತ್ತಲಾರದವರು ಅಂತ ತಿಳಿಯಲು ಬೇರೆ ಮಾತು ಬೇಕಾಗಿರಲಿಲ್ಲ.

ಎಲ್ಲರೂ ಎದ್ದು ನಿಂತು ಒಂದು ಸಣ್ಣ ಪ್ರಾರ್ಥನೆ ಹೇಳಿದರು. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿ, ಬದಲಿಸಬಹುದಾದ್ದನ್ನು ಬದಲಿಸುವ ಧೈರ್ಯ, ಇವೆರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಅನ್ನೋದು ಅದರ ಸಾರ. ಆಮೇಲೆ ಒಬ್ಬೊಬ್ಬರೇ ಮಾತಾಡಿದರು. ಹೆಸರು, ನಾನೊಬ್ಬ ಆಲ್ಕೋಹಾಲಿಕ್, ಆಮೇಲೆ ತನ್ನ ಕಥೆ. ಇದಕ್ಕೆ ಅಲ್ಲಿ ಶೇರಿಂಗ್ ಅನ್ನುತ್ತಾರೆ. ಒಬ್ಬರು ಮಗಳ ಶಾಲೆಯ ಫೀಸನ್ನು ಕುಡಿದು ಮುಗಿಸಿದ್ದು ಹೇಳಿದರು. ಇನ್ನೊಬ್ಬರು ಅಮ್ಮನ ತಿಥಿಯ ದಿನ ಎಲ್ಲಿದ್ದೆ ಅಂತಲೇ ನೆನಪಿಲ್ಲ ಅಂದರು. ಆಟೋದವರು ತುಂಬ ನಗಿಸಿದರು. ಕುಡಿದ ಅಮಲಿನಲ್ಲಿ ತಮ್ಮದೇ ಆಟೋ ಕಳವಾಗಿದೆ ಅಂತ, ಅದೇ ಆಟೋ ಓಡಿಸಿಕೊಂಡು ಸ್ಟೇಷನ್ನಿಗೆ ದೂರು ಕೊಡಲು ಹೋಗಿದ್ದರಂತೆ.

ಯಾರು ಏನೇ ಹೇಳಿದರೂ ಉಳಿದವರು ಸುಮ್ನೆ ಕೇಳಿದರು. ‘ಹಾಗೆ ಮಾಡಬಾರದಿತ್ತು’ ಇಲ್ಲ, ‘ಹೆಂಡತಿ ಮಕ್ಕಳ ಮುಖ ನೋಡಬೇಕಪ್ಪಾ’ ಇಲ್ಲ. ಒಬ್ಬರು ಮುಗಿಸಿದರೆ ಥ್ಯಾಂಕ್ಸ್ ಹೇಳಿ ಮುಂದಿನವರು ಶುರು ಮಾಡುತ್ತಿದ್ದರು. ಕುಡುಕನಿಗೆ ಬುದ್ಧಿ ಹೇಳದವರು ಈ ಲೋಕದಲ್ಲಿ ಯಾರಿದ್ದಾರೆ ಹೇಳಿ? ಅಪ್ಪ, ಅಮ್ಮ, ಮಾವ, ಬ್ಯಾಂಕಿನ ಮ್ಯಾನೇಜರು, ಕ್ಷೌರದವರು, ಕೊನೆಗೆ ಎಣ್ಣೆ ಕೊಡುವ ಅಂಗಡಿಯ ಹುಡುಗನೂ ‘ಸಾಕು ಹೋಗಣ್ಣ ಮನೆಗೆ’ ಅನ್ನುತ್ತಾನೆ. ಬುದ್ಧಿಮಾತು ಕಿವಿಗೆ ಬಿದ್ದ ತಕ್ಷಣ ಸಮರ್ಥನೆ ಹುಡುಕುವುದು ನಮಗೆ ಅಭ್ಯಾಸವಾಗಿ ಹೋಗಿರುತ್ತದೆ. ಇಲ್ಲಿ ಯಾರೂ ಹೇಳಲೇ ಇಲ್ಲ. ಸಮರ್ಥನೆ ಇಟ್ಟುಕೊಂಡು ಏನು ಮಾಡೋದು?

ನನ್ನ ಸರದಿ ಬಂದಾಗ ಹೆಸರು ಹೇಳಿದೆ. ಮುಂದಕ್ಕೆ ಮಾತು ಬರಲಿಲ್ಲ. ಪರವಾಗಿಲ್ಲ, ಕೇಳಿಸಿಕೊಂಡರೂ ಆಯಿತು ಅಂದರು.

ಮೀಟಿಂಗ್ ಮುಗಿದ ಮೇಲೆ ಗೇಟಿನ ಹತ್ತಿರ ಹಿರಿಯರೊಬ್ಬರು ಇದು ಹೇಗೆ ಶುರುವಾಯಿತು ಅಂತ ಹೇಳಿದರು. ಅಮೆರಿಕದ ಆಕ್ರಾನ್ ಅನ್ನೋ ಊರು, 1935. ನ್ಯೂಯಾರ್ಕಿನ ಷೇರು ವ್ಯವಹಾರದವನೊಬ್ಬ ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ. ಕುಡಿತ ಬಿಟ್ಟು ಸ್ವಲ್ಪ ತಿಂಗಳಾಗಿತ್ತು. ಕೆಲಸ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬನೇ, ಪಕ್ಕದಲ್ಲೇ ಬಾರು. ಒಳಗೆ ಹೋಗುವ ಬದಲು ಅಲ್ಲಿದ್ದ ಫೋನಿನಲ್ಲಿ ಪಾದ್ರಿಗಳಿಗೆಲ್ಲ ಫೋನ್ ಮಾಡಿ, ಈ ಊರಿನಲ್ಲಿ ಯಾರಾದರೂ ಕುಡುಕರಿದ್ದರೆ ಹೇಳಿ, ನಾನು ಮಾತಾಡಬೇಕು ಅಂದನಂತೆ. ಸಿಕ್ಕಿದವರು ಒಬ್ಬ ಸರ್ಜನ್. ಆ ಇಬ್ಬರನ್ನು ಬಿಲ್, ಡಾಕ್ಟರ್ ಬಾಬ್ ಅಂತ ಇವತ್ತಿಗೂ ಅರ್ಧ ಹೆಸರಿನಲ್ಲೇ ಕರೆಯುತ್ತಾರೆ. ‘ಅವನು ಡಾಕ್ಟರನ್ನು ಉದ್ಧಾರ ಮಾಡೋಕೆ ಹೋಗಿದ್ದಲ್ಲ. ಡಾಕ್ಟರ ಹತ್ರ ಮಾತಾಡ್ತಾ ಕೂತರೆ ತಾನು ಬಾರಿಗೆ ಹೋಗಲ್ಲ ಅಂತ. ನಾವೂ ಹಂಗೇ. ನೀವು ಇವತ್ತು ಬಂದಿದ್ದು ನಮಗೆ ಉಪಕಾರ’ ಅಂದರು. ನಮ್ಮ ದೇಶಕ್ಕೆ ಎಎ ಬಂದಿದ್ದು 1957ರಲ್ಲಿ ಅಂತಲೂ ಅವರೇ ಹೇಳಿದರು. ರಾತ್ರಿ ರೈಲಿನಲ್ಲಿ ತಂತಿಯ ಸ್ಪೂಲು ಕಾಲ ಹತ್ತಿರ ಇಟ್ಟುಕೊಂಡು ಇದನ್ನೇ ಯೋಚಿಸುತ್ತಾ ಬಂದೆ. ನನ್ನಿಂದ ಇನ್ನೊಬ್ಬರಿಗೆ ಉಪಕಾರ ಆಯಿತು ಅನ್ನೋ ಮಾತು ಕೇಳಿ ಎಷ್ಟು ಕಾಲವಾಗಿತ್ತೋ.

ಬೆಂಗಳೂರಿಗೆ ಹೀಗೇ ಹೋಗಿ ಬರುತ್ತಿದ್ದೆ. ಆದರೆ ಕುಡಿಯುವ ಆಸೆ ತಂತಿ ಖಾಲಿಯಾದಾಗಲೇ ಬರುತ್ತದೆ ಅಂತ ಏನೂ ಇಲ್ಲವಲ್ಲ. ವಾರವಾರ ಸಿಗುವುದು ಬೇಕು. ಹಿರಿಯರು ವಿಚಾರಿಸಿ, ನಿಮ್ಮ ಕಡೆಯೇ ಒಂದು ಸಣ್ಣ ಗುಂಪಿದೆ ಅಂತ ನಂಬರ್ ಕೊಟ್ಟರು. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಊರು ಯಾವುದು ಅಂತ ಹೇಳುವುದಿಲ್ಲ. ಗುಂಪು ಅಷ್ಟು ಚಿಕ್ಕದು, ಊರು ಹೇಳಿದರೆ ಯಾರು ಯಾರು ಅಂತಲೂ ಹೇಳಿದಂತೆಯೇ.

ಭಾನುವಾರ ಸಂಜೆ ಹೋದೆ. ಒಂದು ಸಂಘದ ಕಟ್ಟಡದ ಹಿಂದಿನ ಕೋಣೆ. ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದವರು ತಿರುಗಿದರು. ನಮ್ಮ ಕೆಇಬಿ ಲೈನ್‌ಮನ್! ಟ್ರಾನ್ಸ್‌ಫಾರ್ಮರ್ ಸುಟ್ಟಾಗಲೆಲ್ಲ ಇವರಿಗೂ ನನಗೂ ಜಗಳ. ವೋಲ್ಟೇಜ್ ಕಮ್ಮಿ ಕೊಟ್ಟು ಮೋಟರ್ ಸುಡಿಸ್ತೀರಾ ಅಂತ ನಾನು, ನಿನ್ನ ವೈಂಡಿಂಗೇ ಸರಿಯಿಲ್ಲ ಅಂತ ಅವರು. ಇಬ್ಬರೂ ಒಂದು ನಿಮಿಷ ಹಾಗೇ ನಿಂತೆವು.

‘ಏನಣ್ಣ, ನೀವಿಲ್ಲಿ?’ ಅಂದೆ.

‘ಮೋಟರ್ ರಿಪೇರಿಗಂತೂ ಬಂದಿಲ್ಲ’ ಅಂದರು. ಕುರ್ಚಿ ಒಂದನ್ನು ನನ್ನ ಕಡೆ ತಳ್ಳಿದರು.

ಅವರು ಬಿಟ್ಟು ವರ್ಷಗಳಾಗಿದ್ದವು. ನಮ್ಮೂರಿನಲ್ಲಿ ಒಬ್ಬರಿಗೂ ಅವರು ಇಲ್ಲಿಗೆ ಬರುವುದು ಗೊತ್ತಿಲ್ಲ. ಬಿಪಿ ಅಂತ ಬಿಟ್ಟೆ ಅಂತ ಎಲ್ಲರಿಗೂ ಹೇಳಿದ್ದಾರೆ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಅನ್ನೋ ನಿಯಮ ಬೆಂಗಳೂರಿನಲ್ಲಿ ಸಲೀಸು, ಅಲ್ಲಿ ಯಾರಿಗೆ ಯಾರು? ನಮ್ಮ ಕಡೆ ಅದನ್ನು ಪಾಲಿಸುವುದು ದೊಡ್ಡ ವ್ರತ. ಸೋಮವಾರ ಬೆಳಗ್ಗೆ ಟೀ ಅಂಗಡಿ ಮುಂದೆ ಸಿಕ್ಕರೆ ಇಬ್ಬರೂ ಭಾನುವಾರದ ಸುದ್ದಿ ಎತ್ತುವುದಿಲ್ಲ. ವೋಲ್ಟೇಜಿನ ಜಗಳ ಮಾತ್ರ ಹಾಗೇ ನಡೆದಿದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆ ಲೈನ್‌ಮನ್ ಅಣ್ಣನೇ ನನಗೆ ಸ್ಪಾನ್ಸರ್ ಆದರು. ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಲ್ಲ. ಆಸೆ ಎದ್ದಾಗ ಫೋನ್ ಮಾಡುವುದಕ್ಕೆ ಒಬ್ಬರು, ನಮಗಿಂತ ಮೊದಲು ಬಿಟ್ಟವರು. ಅವರು ಕೇಳುವುದು ನಾಲ್ಕೇ ವಿಷಯ. ಹಸಿವಾಗಿದೆಯಾ? ಸಿಟ್ಟಾಗಿದೀಯಾ? ಒಬ್ಬನೇ ಇದೀಯಾ? ಸುಸ್ತಾಗಿದೀಯಾ? ಈ ನಾಲ್ಕರಲ್ಲಿ ಒಂದಿದ್ದರೆ ಕೈ ಬಾಟಲಿ ಕಡೆ ಹೋಗುತ್ತದೆ ಅನ್ನೋದು ಎಎಯವರ ಅನುಭವ. ನನ್ನದು ಹೆಚ್ಚಾಗಿ ಹಸಿವು. ಬೋರಿನ ಹತ್ತಿರ ಬೆಳಗ್ಗೆಯಿಂದ ಪೈಪ್ ಎಳೆದು, ಊಟ ತಪ್ಪಿ, ನಾಲ್ಕು ಗಂಟೆಗೆ ತೋಟದ ಯಜಮಾನರು ಕವರ್ ಬಿಚ್ಚುವ ಹೊತ್ತಿಗೆ ಮೈ ತಾನಾಗಿ ಆ ಕಡೆ ವಾಲುತ್ತದೆ. ಈಗ ಟೂಲ್ ಬ್ಯಾಗಿನಲ್ಲಿ ಟೆಸ್ಟ್ ಲ್ಯಾಂಪಿನ ಪಕ್ಕ ಕಡಲೆಮಿಠಾಯಿ ಇರುತ್ತದೆ. ಕವರ್ ಸದ್ದು ಕೇಳಿದ ತಕ್ಷಣ ಒಂದು ಬಾಯಿಗೆ ಹಾಕಿಕೊಳ್ಳುತ್ತೇನೆ. ಹೊಟ್ಟೆಗೆ ಸಿಹಿ ಬಿದ್ದರೆ ಆಸೆ ಸ್ವಲ್ಪ ಹಿಂದೆ ಸರಿಯುತ್ತದೆ. ಏನೋ ಮಂತ್ರ ತಂತ್ರ ಅಂದುಕೊಂಡು ಬಂದವರಿಗೆ ಇದು ಸಪ್ಪೆ ಅನ್ನಿಸಬಹುದು.

ಹೋಗುವ ಮುಂಚೆ ನನಗೆ ಎರಡು ಅನುಮಾನ ಇದ್ದವು, ದುಡ್ಡಿನದು ಮತ್ತು ದೇವರದು. ದುಡ್ಡು ಸುಲಭ. ಕೊನೆಯಲ್ಲಿ ಒಂದು ಬಟ್ಟೆ ಚೀಲ ಸುತ್ತು ಬರುತ್ತದೆ. ಹತ್ತು ಹಾಕಬಹುದು, ಇಪ್ಪತ್ತು ಹಾಕಬಹುದು, ಹಾಕದೆಯೂ ಕಳಿಸಬಹುದು. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಊರಿನ ದೊಡ್ಡವರೊಬ್ಬರು ಫ್ಯಾನ್ ಕೊಡಿಸ್ತೀನಿ ಅಂದಾಗ ನಮ್ಮವರು ನಯವಾಗಿ ಬೇಡ ಅಂದರು. ಆ ಬೇಸಿಗೆ ಬೆವರು ಸುರಿಸಿಕೊಂಡೇ ಕೂತೆವು. ಕಟ್ಟುನಿಟ್ಟು ಸ್ವಲ್ಪ ಜಾಸ್ತಿಯಾಯಿತು ಅಂತ ಆಗ ಗೊಣಗಿದ್ದೆ. ಆದರೆ ಫ್ಯಾನ್ ಕೊಟ್ಟವರ ಹೆಸರು ಫ್ಯಾನಿನ ಮೇಲೆ ಬರುತ್ತದೆ, ಆಮೇಲೆ ಅವರೇ ಬಂದು ಭಾಷಣ ಮಾಡುತ್ತಾರೆ. ಅದೂ ನಿಜ ಅಲ್ವಾ?

ದೇವರ ವಿಷಯ ಅಷ್ಟು ಸುಲಭವಲ್ಲ. ಕುಡಿತದಿಂದ ಹೊರಬರಲು ಎಎಯವರು ಹೇಳುವ ಹನ್ನೆರಡು ಮೆಟ್ಟಿಲು ಅಂತ ಇವೆ, ಅದರಲ್ಲಿ ದೇವರ ಮಾತು ಮತ್ತೆ ಮತ್ತೆ ಬರುತ್ತದೆ. ನಿಮಗೆ ಹೇಗೆ ಅರ್ಥವಾಗುತ್ತಾನೋ ಹಾಗೆ ಇಟ್ಟುಕೊಳ್ಳಿ ಅನ್ನುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಅದು ಅಲ್ಲಾಹ್, ಒಬ್ಬರಿಗೆ ಜೇನುಕಲ್ಲು ಸಿದ್ದೇಶ್ವರ. ದೇವರೇ ಇಲ್ಲ ಅನ್ನುವ ಮೇಷ್ಟ್ರು ಒಬ್ಬರಿದ್ದಾರೆ, ಈ ಗುಂಪೇ ನನಗೆ ಸಾಕು ಅನ್ನುತ್ತಾರೆ. ಸೇರುವುದಕ್ಕೆ ಬೇಕಾಗಿದ್ದು ಕುಡಿತ ಬಿಡಬೇಕು ಅನ್ನೋ ಆಸೆ ಒಂದೇ, ಬಿಟ್ಟೇ ಬಂದಿರಬೇಕು ಅಂತ ಕೂಡ ಇಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಬೀಗದ ಕೈ ಇಟ್ಟುಕೊಂಡವರು ಮದುವೆಗೆ ಹೋಗಿ, ನಾವು ಜಗಲಿಯ ಮೇಲೆ ಮೀಟಿಂಗ್ ಮಾಡಿದ್ದಿದೆ. ಒಬ್ಬ ಹಿರಿಯರು ವಾರವಾರ ಅದೇ ಕಥೆಯನ್ನು ಅದೇ ಜಾಗದಲ್ಲಿ ಕೆಮ್ಮಿ ಹೇಳುತ್ತಾರೆ. ಕೆಲವರು ಎಣ್ಣೆ ಬಿಟ್ಟ ಸೇಡನ್ನು ಬೀಡಿಯ ಮೇಲೆ ತೀರಿಸಿಕೊಳ್ಳುತ್ತಾರೆ. ಒಬ್ಬರಂತೂ, ಮೀಟಿಂಗಿಗೆ ಬಂದ ಮೇಲೆ ಡಾಕ್ಟರ ಮಾತ್ರೆ ಯಾಕೆ, ಅದೂ ಒಂದು ಚಟವೇ ಅಂತ ಹೊಸಬರ ತಲೆ ಕೆಡಿಸುತ್ತಿದ್ದರು. ಇದು ತಪ್ಪು, ಅಪಾಯದ ಮಾತು. ಔಷಧಿಯ ತೀರ್ಮಾನ ಡಾಕ್ಟರದ್ದು ಅಂತ ಎಎಯೇ ಹೇಳುತ್ತದೆ. ನಾನು ಈಗಲೂ ಚೆಕಪ್‌ಗೆ ಹೋಗುತ್ತೇನೆ, ಮೀಟಿಂಗಿಗೂ ಹೋಗುತ್ತೇನೆ. ಒಂದಕ್ಕೆ ಇನ್ನೊಂದು ಬದಲಿ ಅಲ್ಲ.

ಹೆಂಗಸರು ಬರುವುದು ತೀರಾ ಕಮ್ಮಿ. ಬೆಂಗಳೂರಿನ ಮೀಟಿಂಗಿನಲ್ಲಿ ಒಂದಿಬ್ಬರನ್ನು ನೋಡಿದ್ದೆ, ನಮ್ಮಲ್ಲಿ ಒಬ್ಬರೂ ಇಲ್ಲ. ಕುಡಿಯುವ ಹೆಂಗಸರು ನಮ್ಮ ಕಡೆ ಇಲ್ಲ ಅಂತಲ್ಲ. ಗಂಡಸು ಬಿಡುತ್ತಾನೆ ಅಂದರೆ ಹಾರ ಹಾಕುವ ಊರು ಹೆಂಗಸು ಕುಡಿಯುತ್ತಿದ್ದಳು ಅಂತ ಗೊತ್ತಾದರೆ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತು.

ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆ ಕೂಟವೇ ಇದೆ. 1951ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಒಬ್ಬರು ಆ ಬಿಲ್ಲನ ಹೆಂಡತಿ. ನಮ್ಮ ಕಡೆ ಅದಿಲ್ಲ. ಆದರೆ ಮನೆಯವರೂ ಬರಬಹುದಾದ ಓಪನ್ ಮೀಟಿಂಗ್ ದಿನ ನಮ್ಮ ಹೆಂಡಂದಿರೆಲ್ಲ ಹೊರಗೆ ಕಟ್ಟೆ ಮೇಲೆ ಕೂತು ತಮ್ಮದೇ ಮೀಟಿಂಗ್ ನಡೆಸಿಬಿಡುತ್ತಾರೆ. ನಮ್ಮವಳು ಮೊದಲ ಸಲ ಬಂದಾಗ ಮುಖ ಬಿಗಿದುಕೊಂಡೇ ಇದ್ದಳು. ವಾಪಸ್ ಬಸ್ಸಿನಲ್ಲಿ, ‘ರೀ, ಲೈನ್‌ಮನ್ ಹೆಂಡ್ತೀನೂ ನನ್ನ ಹಂಗೇ ಅಕ್ಕಿ ಡಬ್ಬದಲ್ಲಿ ದುಡ್ಡು ಬಚ್ಚಿಡ್ತಿದ್ರಂತೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮ ಕುಡಿತ ನನ್ನಿಂದ ಬಂದಿದ್ದಲ್ಲವಂತೆ. ನಾನು ಬಿಡಿಸೋಕೂ ಆಗ್ತಿರಲಿಲ್ಲವಂತೆ’ ಅಂದಳು. ಮದುವೆಯಾದಾಗಿನಿಂದ ನಮ್ಮಮ್ಮ ಅವಳಿಗೆ ಇದರ ಉಲ್ಟಾ ಹೇಳಿಕೊಂಡು ಬಂದಿದ್ದರು.

ಮೀಟಿಂಗಿಗೆ ಬಂದವರೆಲ್ಲ ನಿಲ್ಲುವುದಿಲ್ಲ. ನನ್ನ ಜೊತೆಗೇ ಶುರು ಮಾಡಿದ ಒಬ್ಬ ಹುಡುಗ, ಟೆಂಪೋ ಓಡಿಸುವವನು, ಜಾತ್ರೆ ಸಮಯದಲ್ಲಿ ಮಾಯವಾದ. ಮಳೆಗಾಲದಲ್ಲಿ ಒಂದು ಭಾನುವಾರ ಬಾಗಿಲ ಹತ್ತಿರ ಬಂದು ನಿಂತ. ಕಣ್ಣು ಕೆಂಪಗಿತ್ತು, ಚಪ್ಪಲಿ ಇರಲಿಲ್ಲ. ಎಲ್ಲಿ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ. ಲೈನ್‌ಮನ್ ಅಣ್ಣ ಎದ್ದು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟರು. ಅವನು ಒಂದು ಮಾತೂ ಆಡದೆ ಪೂರ್ತಿ ಕೂತಿದ್ದು ಹೋದ. ಮುಂದಿನ ವಾರವೂ ಬಂದ. ಆಮೇಲೆ ನಾನೇ ಅವನನ್ನು ಮಂಗಳವಾರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಯಾಕೆಂದರೆ ಅವನ ಕೈ ನೋಡಿದರೆ ನನಗೆ ಗೊತ್ತಾಗುತ್ತಿತ್ತು.

ಹೊಸದಾಗಿ ಹುಡುಕುವವರಿಗೆ ನನ್ನ ಮಾತು ಇಷ್ಟು. ದಿನಾ ಕುಡಿಯುವವರಾದರೆ ಮೊದಲು ಡಾಕ್ಟರು, ಆಮೇಲೆ ಮೀಟಿಂಗು. ಮಧ್ಯರಾತ್ರಿ ತಲೆ ಕೆಟ್ಟು ಯಾರ ಹತ್ತಿರವಾದರೂ ಮಾತಾಡಲೇಬೇಕು ಅನ್ನಿಸಿದರೆ 14416, ಟೆಲಿ ಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ಮೀಟಿಂಗ್ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ, ಒಂದೊಂದು ಗುಂಪಿನ ಗಾಳಿ ಒಂದೊಂದು ಥರ. ಹತ್ತು ಜನರ ಎದುರು ಪ್ರಮಾಣ ಮಾಡಿದರೇ ಗಟ್ಟಿಯಾಗುವ ಸ್ವಭಾವ ನಿಮ್ಮದಾದರೆ ಶಿಬಿರಕ್ಕೆ ಹೋಗಿ. ಎರಡಕ್ಕೂ ಹೋಗುವವರು ನಮ್ಮ ಗುಂಪಿನಲ್ಲೇ ಇದ್ದಾರೆ, ಶಿಬಿರದಲ್ಲಿ ಬಿಟ್ಟವರು, ಇಲ್ಲಿ ಉಳಿಸಿಕೊಳ್ಳುತ್ತಿರುವವರು.

ಈಗ ನಮ್ಮೂರಿನಲ್ಲೇ ಒಂದು ಮೀಟಿಂಗ್ ಶುರು ಮಾಡುವ ಮಾತು ನಡೆದಿದೆ. ಇಬ್ಬರು ಮೂವರಿದ್ದರೂ ಗುಂಪು ಅಂತ ಕರೆದುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಾಗಿಲ್ಲ. ನಾನು, ಲೈನ್‌ಮನ್ ಅಣ್ಣ, ಟೆಂಪೋ ಹುಡುಗ, ಮೂರು ಜನ ಆದೆವು. ಕೋಣೆಯದೇ ತಾಪತ್ರಯ. ನಮ್ಮ ಅಂಗಡಿಯ ಮಹಡಿ ಖಾಲಿ ಇದೆ, ಆದರೆ ವಾರ್ನಿಷ್ ವಾಸನೆಗೆ ತಲೆ ತಿರುಗುತ್ತದೆ. ನೆಟ್ಟಗೆ ನಡೆಯುತ್ತಿರುವವರು ಮೀಟಿಂಗ್ ಮುಗಿಸಿ ತೂರಾಡಿಕೊಂಡು ಮೆಟ್ಟಿಲಿಳಿದರೆ ಚೆನ್ನಾಗಿರಲ್ಲ ಅಂತ ಲೈನ್‌ಮನ್ ಅಣ್ಣ. ಶಾಲೆಯ ಹೆಡ್‌ಮಾಸ್ಟರನ್ನು ಕೇಳಿದ್ದೇವೆ. ಏನು ಮೀಟಿಂಗು ಅಂತ ಕೇಳಿದರು. ಮುಂದಿನ ವಾರ ಬಂದು ಹೇಳ್ತೀವಿ ಸರ್ ಅಂತ ಇಬ್ಬರೂ ಒಟ್ಟಿಗೇ ಹೇಳಿ ಬಂದಿದ್ದೇವೆ.